18 ಅಡಿ ಸೈಟು, ಪಕ್ಕದ್ಮನೆ ಅಜ್ಜಿ ಕಿಟಕಿ

ನಮ್ ಸೈಟು 18 ಅಡಿ ಅಗಲ, 52 ಅಡಿ ಉದ್ದ. ಚಿಕ್ಕಮಗಳೂರಿನ ಕೋಟೆ ಕಡೆ ಹಳೇ ಬೀದಿಗಳಲ್ಲಿ ಓಡಾಡಿರೋರಿಗೆ ಇದು ಎಂಥ ಜಾಗ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬೀದಿಗೆ ಒಂಚೂರು ಮುಖ, ಒಳಗೆ ಹೋದಷ್ಟೂ ಉದ್ದ, ಎಡಕ್ಕೊಂದು ಮನೆ ಬಲಕ್ಕೊಂದು ಮನೆ, ಮಧ್ಯದಲ್ಲಿ ನಾವು. ತಾತನ ಕಾಲದಲ್ಲಿ ಅದು 36 ಅಡಿ ಅಗಲದ ಒಂದೇ ಹೆಂಚಿನ ಮನೆ. ಭಾಗ ಆದಾಗ ನಡುಮನೆ ಮಧ್ಯಕ್ಕೇ ಗೋಡೆ ಎದ್ದು, ಉತ್ತರದ ಅರ್ಧ ಚಿಕ್ಕಪ್ಪನಿಗೆ, ದಕ್ಷಿಣದ ಅರ್ಧ ಅಪ್ಪನಿಗೆ ಅಂತ ಆಯ್ತು. ಚಿಕ್ಕಪ್ಪ ತೊಂಬತ್ತರ ದಶಕದಲ್ಲೇ ಅವರ ಅರ್ಧ ಕೆಡವಿ ತಾರಸಿ ಮನೆ ಕಟ್ಕೊಂಡ್ರು. ನಮ್ ಅರ್ಧ ಹಾಗೇ ನಿಂತಿತ್ತು. 2019ರ ಆಗಸ್ಟಲ್ಲಿ ಜಿಲ್ಲೆಗೆಲ್ಲಾ ಆ ಭಾರೀ ಮಳೆ ಹೊಡೀತಲ್ಲ, ಆಗ ಒಂದು ರಾತ್ರಿ ಹಿಂದಿನ ಮಣ್ಣಿನ ಗೋಡೆ ಕುಸಿದು ಬಿತ್ತು. ಅಮ್ಮ ಮುಂದಿನ ಕೋಣೇಲಿ ಮಲಗಿದ್ರು, ಹಾಗಾಗಿ ಬಚಾವಾದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಅಡಿಗೆಮನೆಯಿಂದ ನೇರವಾಗಿ ಹಿತ್ತಲ ಕರಿಬೇವಿನ ಗಿಡ ಕಾಣ್ತಿತ್ತಂತೆ.

ಊರಾಚೆ ಲೇಔಟಲ್ಲಿ 30-40 ಸೈಟು ತಗೊಂಡು ಕಟ್ಟು ಅಂತ ಎಲ್ಲರೂ ಹೇಳಿದ್ರು. ಅಮ್ಮ ಒಪ್ಲಿಲ್ಲ. ದೇವಸ್ಥಾನ, ಹಾಲಿನ ಅಂಗಡಿ, ಡಾಕ್ಟ್ರು, ಐವತ್ತು ವರ್ಷದಿಂದ ಮಾತಾಡ್ಸೋ ಜನ, ಎಲ್ಲಾ ಇಲ್ಲೇ ನಡ್ಕೊಂಡು ಹೋಗೋ ದೂರದಲ್ಲಿರುವಾಗ ಇದನ್ನೆಲ್ಲ ಬಿಟ್ಟು ಹೋಗಿ ಯಾರ ಮುಖ ನೋಡ್ಕೊಂಡು ಕೂರ್ಲಿ ಅಂದ್ರು. ಅವರ ಮಾತು ನನಗೂ ಸರಿ ಅನ್ನಿಸ್ತು. ಊರೊಳಗೆ ಖಾಲಿ ಬಿದ್ದಿರೋ, ಮುರಿದು ಬಿದ್ದಿರೋ ಇಂಥ ಜಾಗಗಳಲ್ಲೇ ಮತ್ತೆ ಮನೆ ಎದ್ರೆ ಬೀದಿ ಉಳಿಯುತ್ತೆ, ಇಲ್ದಿದ್ರೆ ಒಂದೊಂದಾಗಿ ಗೋಡೌನ್ ಆಗ್ತಾ ಹೋಗುತ್ತೆ. ನಮ್ ಬೀದೀಲೇ ಎರಡು ಹಾಗಾಗಿವೆ.

ಮೊದಲು ಒಬ್ಬ ಕಂಟ್ರಾಕ್ಟರ್ ಹತ್ರ ಪ್ಲಾನ್ ಕೇಳಿದ್ವಿ. ಎರಡೇ ದಿನಕ್ಕೆ ತಂದುಕೊಟ್ರು. ಮುಂದೆ ಕಾರ್ ಪಾರ್ಕಿಂಗು, ಅದರ ಹಿಂದೆ ಹಾಲು, ಹಾಲಿನ ಹಿಂದೆ ರೂಮು, ರೂಮಿನ ಪಕ್ಕ ಬಾತ್‌ರೂಮು, ಕೊನೇಲಿ ಅಡಿಗೆಮನೆ, ಒಂದರ ಹಿಂದೆ ಒಂದು ರೈಲು ಡಬ್ಬಿ ಜೋಡಿಸಿದ ಹಾಗೆ. ಮಧ್ಯದ ರೂಮಿಗೆ ಬೆಳಕು ಎಲ್ಲಿಂದ ಬರುತ್ತೆ ಅಂತ ಕೇಳ್ದೆ. ಪಕ್ಕದಲ್ಲಿ ಮೂರಡಿ ಸಂದಿ ಬಿಟ್ಟಿದೀವಲ್ಲ ಸಾರ್, ಕಿಟಕಿ ಇಡ್ತೀವಿ ಅಂದ್ರು.

ಆ ಮೂರಡಿ ಸಂದಿ ವಿಷಯ ಸ್ವಲ್ಪ ವಿವರವಾಗೇ ಹೇಳ್ಬೇಕು, ಯಾಕಂದ್ರೆ ನಮ್ಮೂರಲ್ಲಿ ಸಣ್ಣ ಸೈಟಿನ ಎಷ್ಟೋ ಮನೆಗಳು ಇದರಲ್ಲೇ ಕೆಡೋದು. 18 ಅಡೀಲಿ ಎರಡೂ ಪಕ್ಕ ಮೂರು ಮೂರಡಿ ಬಿಟ್ರೆ ಉಳಿಯೋದು 12, ಅದರಲ್ಲಿ ಎರಡು ಗೋಡೆಗೆ ಒಂದಡಿ ಹೋದ್ರೆ ಒಳಗೆ 11. ಇತ್ತ ಮನೆ ಒಂದು ಕಾರಿಡಾರ್ ಥರ ಆಗುತ್ತೆ, ಅತ್ತ ಬಿಟ್ಟ ಸಂದಿ ಯಾರ ಉಪಯೋಗಕ್ಕೂ ಬರಲ್ಲ. ಎರಡು ಮಹಡಿ ಎತ್ತರದ ಎರಡು ಗೋಡೆ ಮಧ್ಯೆ ಮೂರಡಿ ಅಂದ್ರೆ ಅದೊಂದು ಬಾವಿ, ಕೆಳಗಿನ ಕಿಟಕಿಗೆ ಆಕಾಶವೇ ಕಾಣಲ್ಲ, ಮಳೆಗಾಲದ ನಾಲ್ಕು ತಿಂಗಳು ಪಾಚಿ, ಉಳಿದಂತೆ ಬೆಕ್ಕು, ಒಡೆದ ಬಕೆಟ್ಟು, ಡ್ರೈನೇಜ್ ಪೈಪು. ಕಿಟಕಿ ಇಡ್ತಾರೆ, ಎದುರು ಮನೆ ಬಚ್ಚಲ ಕಿಟಕಿ ಕಾಣುತ್ತೆ ಅಂತ ಪರದೆ ಹಾಕ್ತಾರೆ, ಆಮೇಲೆ ಆ ಕಿಟಕಿ ಯಾವತ್ತೂ ತೆಗೆಯೋದೇ ಇಲ್ಲ. ಇಂಥ ಮನೆಗಳಲ್ಲಿ ನಾನು ಬಾಡಿಗೆಗಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಟ್ಯೂಬ್‌ಲೈಟ್ ಹಾಕ್ಕೊಂಡು ಅನ್ನ ಕಲಸ್ಕೊಂಡು ತಿಂದಿದೀನಿ.

ಹಾಗಾದ್ರೆ ಹಿಂದಿನವರು ಹೇಗೆ ಇದ್ರು? ಶೃಂಗೇರಿ ಬೀದಿ ನೋಡಿ, ಬೇಲೂರಿನ ಹಳೇ ಬೀದಿಗಳನ್ನ ನೋಡಿ. ಅಗ್ರಹಾರದ ಮನೆ ಅಂದ್ರೆನೇ ಸಾಲುಮನೆ. ಇಬ್ಬರಿಗೂ ಸೇರಿ ಒಂದೇ ಗೋಡೆ, ಪಕ್ಕಕ್ಕೆ ಕಿಟಕಿ ಅನ್ನೋ ಮಾತೇ ಇಲ್ಲ. ಬೀದಿ ಕಡೆ ಜಗಲಿ, ಹಿಂದೆ ಹಿತ್ತಲು, ಮಧ್ಯದಲ್ಲಿ ಆಕಾಶಕ್ಕೆ ತೆರೆದ ತೊಟ್ಟಿ. ಬಡವರ ಮನೆ ಆದ್ರೆ ತೊಟ್ಟಿ ಬದಲು ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು, ಅದೇ ಬೆಳಕಿಂಡಿ. ನಮ್ ಹಳೇ ಮನೇಲೂ ಒಲೆ ಮೇಲೆ ಒಂದಿತ್ತು. ಬೆಳಿಗ್ಗೆ ಹೊತ್ತು ಹೊಗೆಯಲ್ಲಿ ಅದರ ಬಿಸಿಲು ಒಂದು ಕೋಲಿನ ಥರ ಓರೆಯಾಗಿ ನಿಂತಿರ್ತಿತ್ತು, ಚಿಕ್ಕವನಿದ್ದಾಗ ಅದನ್ನ ಹಿಡಿಯೋಕೆ ಹೋಗ್ತಿದ್ದೆ. ಅಗಲ ಇಲ್ಲದ ಮನೇಲಿ ಬೆಳಕನ್ನ ಪಕ್ಕದಿಂದ ಅಲ್ಲ, ಮೇಲಿಂದ ಇಳಿಸ್ಬೇಕು. ನಾವು ಹೆಂಚು ಬಿಟ್ಟು ಮೋಲ್ಡ್, ಅಂದ್ರೆ ಕಾಂಕ್ರೀಟ್ ಛಾವಣಿ, ಹಾಕೋಕೆ ಶುರು ಮಾಡಿದಾಗ ಇದೊಂದನ್ನ ಮರೆತ್ವಿ.

ಹೊಸ ಕಾಲದ ಆರ್ಕಿಟೆಕ್ಟ್‌ಗಳೂ ಇದನ್ನೇ ಹುಡುಕಿದಾರೆ ಅಂತ ಆಮೇಲೆ ಓದ್ತಾ ಗೊತ್ತಾಯ್ತು. ಚಾರ್ಲ್ಸ್ ಕೊರಿಯಾ ಅಹಮದಾಬಾದಲ್ಲಿ ಅರವತ್ತರ ದಶಕದ ಶುರುವಲ್ಲೇ ಟ್ಯೂಬ್ ಹೌಸ್ ಅಂತ ಒಂದು ಮನೆ ಮಾಡಿದ್ರು, ಅಗಲ ಬರೀ 12 ಅಡಿ. ಒಳಗಿನ ಬಿಸಿ ಗಾಳಿ ಇಳಿಜಾರು ಛಾವಣಿ ಹಿಡ್ಕೊಂಡು ಮೇಲೇರಿ ತುದಿಯ ಕಿಂಡಿಯಿಂದ ಆಚೆ ಹೋಗ್ಬೇಕು, ಅದರ ಜಾಗಕ್ಕೆ ಕೆಳಗಿಂದ ತಣ್ಣನೆ ಗಾಳಿ ಬರ್ಬೇಕು, ಆ ಲೆಕ್ಕ. ಜಪಾನಿನ ಒಸಾಕಾದಲ್ಲಿ ತಡಾವೊ ಆಂಡೊ 1976ರಲ್ಲಿ ಮುಗಿಸಿದ ಸಾಲುಮನೆ ಇನ್ನೂ ಕಿರಿದು, ಸುಮಾರು 11 ಅಡಿ ಅಗಲ, 46 ಅಡಿ ಉದ್ದ. ಅಷ್ಟರಲ್ಲೂ ಅವರು ಮನೆನ ಮೂರು ಪಾಲು ಮಾಡಿ ನಡುವಿನ ಪಾಲನ್ನ ಪೂರ್ತಿ ಆಕಾಶಕ್ಕೆ ಬಿಟ್ಟಿದಾರೆ. ಮಳೆ ಬರುವಾಗ ರೂಮಿಂದ ಬಚ್ಚಲಿಗೆ ಹೋಗ್ಬೇಕಾದ್ರೆ ಛತ್ರಿ ಹಿಡ್ಕೊಂಡು ಹೋಗ್ಬೇಕು. ಅದನ್ನ ಅಮ್ಮನಿಗೆ ಹೇಳಿದಾಗ, ಅಲ್ಲೇನು ಪುಷ್ಯ ಮಳೆ ಇಲ್ವಾ ಅಂದ್ರು. ಸರಿಯಾದ ಪ್ರಶ್ನೆನೇ. ನಮ್ ಕಡೆ ಆರಿದ್ರಕ್ಕೆ ಹಿಡಿದ ಮಳೆ ಪುನರ್ವಸು, ಪುಷ್ಯ, ಆಶ್ಲೇಷ ಅಂತ ಬಿಡದೇ ಜಿನುಗ್ತಾ ಇರುತ್ತೆ, ಛತ್ರಿ ಹಿಡ್ಕೊಂಡು ಬಚ್ಚಲಿಗೆ ಹೋಗೋ ಮನೇನ ಎಪ್ಪತ್ತು ದಾಟಿದವರಿಗೆ ಕಟ್ಟಿಕೊಡೋಕಾಗಲ್ಲ.

ಆಮೇಲೆ ನಮಗೆ ಒಬ್ಬ ಆರ್ಕಿಟೆಕ್ಟ್ ಸಿಕ್ಕಿದ್ರು, ಹಾಸನದ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಅವರು ಬಂದ ಮೊದಲ ದಿನ ಟೇಪ್ ಹಿಡೀಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ನಾಲ್ಕಕ್ಕೆ ಮೂರು ಸಲ ಬಂದು ಬಿದ್ದ ಮನೆ ಮಧ್ಯದಲ್ಲಿ ನಿಂತು ಬಿಸಿಲು ಎಲ್ಲಿ ಬೀಳುತ್ತೆ ಅಂತ ಚಾಕ್‌ಪೀಸಲ್ಲಿ ಗೆರೆ ಹಾಕಿದ್ರು. ನಮ್ ಬೀದಿ ಪೂರ್ವಕ್ಕೆ. ಉತ್ತರಕ್ಕೆ ಚಿಕ್ಕಪ್ಪನ ಮನೆ ಗೋಡೆ ಗಡಿ ಮೇಲೇ ಎದ್ದಿದೆ. ದಕ್ಷಿಣಕ್ಕೆ ಪಕ್ಕದ್ಮನೆ ಅಜ್ಜಿದು, ಹೆಂಚಿನ ಮನೆ, ತಗ್ಗು. ಪಶ್ಚಿಮಕ್ಕೆ ಹಿಂದಿನ ಗಲ್ಲಿ. ಅವರು ಹೇಳಿದ್ದು ಇಷ್ಟು: ಉತ್ತರದ ಕಡೆ ಹೇಗೂ ಏನೂ ಸಿಗಲ್ಲ, ಆ ಕಡೆ ಜಾಗ ಬಿಟ್ಟು ವೇಸ್ಟ್ ಮಾಡೋದು ಬೇಡ, ಮೊದಲಿಂದಲೂ ಅಲ್ಲಿ ನಡುಗೋಡೆನೇ ಇದ್ದಿದ್ದು. ಬಿಡೋದನ್ನೆಲ್ಲ ದಕ್ಷಿಣಕ್ಕೇ ಬಿಡೋಣ, ಉದ್ದಕ್ಕೂ ಮೂರಡಿ ದಾರಿ, ಅದರ ಮಧ್ಯದಲ್ಲಿ ಒಂದು ಕಡೆ ಮನೆನೇ ಆರಡಿ ಒಳಕ್ಕೆ ಸರಿಸಿ ಒಂದು ಅಂಗಳ. ಮೂರೂ ಆರೂ ಒಂಬತ್ತಡಿ ಅಗಲ, ಹತ್ತಡಿ ಉದ್ದ. ಚಿಕ್ಕಪ್ಪ ಒಪ್ಪಿಗೆ ಪತ್ರ ಬರೆದುಕೊಟ್ರು, ಪ್ಲಾನು ನಗರಸಭೆಗೆ ಹೋಗಿ ಲೈಸೆನ್ಸ್ ಆಗಿ ಬಂತು, ಆ ಕತೆ ಇಲ್ಲಿ ಬೇಡ.

ಒಂಬತ್ತು ಹತ್ತರ ಅಂಗಳ ಅಂದ್ರೆ ಕೆಳಗೆ 60 ಚದರಡಿ ಮನೆ ಹೋಯ್ತು, ಮೇಲೆ ಇನ್ನೊಂದು 60. ನನ್ ಭಾವ ಇದನ್ನ ದುಡ್ಡಲ್ಲಿ ಲೆಕ್ಕ ಹಾಕಿ ತೋರ್ಸಿದ್ರು, ಒಂದು ರೂಮೇ ಬಿಟ್ಟುಕೊಟ್ಟಿದೀಯ ಅಂತ. ನನಗೂ ಒಂದು ವಾರ ನಿದ್ದೆ ಬರ್ಲಿಲ್ಲ. ಆಗ ಫ್ರಿಡ್ಜ್ ಬಂದಿದ್ದ ರಟ್ಟಿನ ಡಬ್ಬಿ ಕೊಯ್ದು ಅರ್ಧ ಇಂಚಿಗೆ ಒಂದಡಿ ಅಂತ ಮನೆ ಮಾಡಿದೆ, ಸುತ್ತ ಮೂರೂ ಮನೆ ಸಮೇತ. ತಾರಸಿ ಮೇಲೆ ತಗೊಂಡು ಹೋಗಿ ದಿಕ್ಕು ನೋಡಿ ಇಟ್ಟು, ಡಬ್ಬಿ ಪಕ್ಕ ಹೊಟ್ಟೆ ಮೇಲೆ ಮಲಗಿ ಒಳಗೆ ನೋಡಿದೆ. ಕಂಟ್ರಾಕ್ಟರ್ ಪ್ಲಾನಿನ ಮನೆ ಕತ್ತಲು. ಅಂಗಳ ಬಿಟ್ಟ ಮನೆ ಒಳಗೆ ಅಮ್ಮ ಕೂರ್ತಾರಲ್ಲ ಆ ಜಾಗಕ್ಕೆ ಬಿಸಿಲು ಬಿದ್ದಿತ್ತು. ಅಲ್ಲಿಗೆ 60 ಚದರಡಿ ಲೆಕ್ಕ ಮುಗೀತು ನನ್ನ ಪಾಲಿಗೆ.

ಆದ್ರೆ ಆರ್ಕಿಟೆಕ್ಟ್ ಅಲ್ಲಿಗೆ ಬಿಡ್ಲಿಲ್ಲ. ಅಜ್ಜಿ ಮನೆ ಇವತ್ತು ತಗ್ಗಿದೆ, ಹತ್ತು ವರ್ಷದ ಮೇಲೆ ಅಲ್ಲೂ ಎರಡು ಮಹಡಿ ಎದ್ರೆ? ಲೆಕ್ಕ ಹಾಕಿದ್ರು. ನಮ್ಮೂರು ಸಮಭಾಜಕದಿಂದ 13 ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ. ಡಿಸೆಂಬರಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರ್ತಾನೆ. ಪಕ್ಕದ ಗೋಡೆ 23 ಅಡಿ ಎದ್ದು, ಮಧ್ಯೆ ಒಂಬತ್ತಡಿ ಮಾತ್ರ ಇದ್ರೆ ಬಿಸಿಲು ಮೇಲಿಂದ 12 ಅಡಿ ಇಳಿಯುತ್ತೆ, ನೆಲದಿಂದ 11 ಅಡಿ ಮೇಲೇ ನಿಂತುಹೋಗುತ್ತೆ. ಅಂದ್ರೆ ಚಳಿಗಾಲದಲ್ಲಿ ಮಹಡಿಗಷ್ಟೇ ಬಿಸಿಲು, ಕೆಳಗೆ ಇಲ್ಲ. ಮಾರ್ಚ್ ಸೆಪ್ಟೆಂಬರಿನಲ್ಲಾದ್ರೆ ನೆಲದ ತನಕ ಬರುತ್ತೆ. ಏಪ್ರಿಲ್ 25ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಸೂರ್ಯ ಸರಿಯಾಗಿ ನಮ್ ನೆತ್ತಿ ಮೇಲೇ ಇರ್ತಾನೆ, ಕಂಬ ನಿಲ್ಸಿದ್ರೆ ನೆರಳೇ ಬೀಳಲ್ಲ. ಆಗಸ್ಟಲ್ಲಿ ನಮಗೆ ಮೋಡ, ಅದು ಬೇರೆ ಮಾತು. ಹಾಗಾಗಿ ಅಂಗಳದ ಗೋಡೆಗಳಿಗೆ ಬೇರೆ ಯಾವ ಬಣ್ಣನೂ ಬೇಡ, ಬರೀ ಬಿಳಿ, ನೇರ ಬಿಸಿಲು ಬರದೇ ಇದ್ರೂ ಗೋಡೆಗೆ ಬಡಿದು ಕೆಳಗಿಳೀಲಿ ಅಂತ. ನೆಲಕ್ಕೂ ಕಪ್ಪು ಕಲ್ಲು ಹಾಕ್ಲಿಲ್ಲ.

ಈಗ ಅಜ್ಜಿ ವಿಷಯಕ್ಕೆ ಬರ್ತೀನಿ, ಇದನ್ನೆಲ್ಲ ಬರೆಯೋಕೆ ಕೂತಿದ್ದೇ ಅದಕ್ಕೆ.

ಪಾಯದ ಪೂಜೆಗೆ ಮೊದಲು ಗುರುತು ಹಾಕೋ ದಿನ. ಸುಣ್ಣದ ಪುಡೀಲಿ ಗೆರೆ ಎಳೀತಾ ಇದ್ವಿ. ಅಜ್ಜಿ ಅವರ ಅಡಿಗೆಮನೆ ಕಿಟಕಿಯಿಂದ ನೋಡ್ತಾ ನಿಂತಿದ್ರು. ಎಂಬತ್ತರ ಮೇಲಿನ ವಯಸ್ಸು, ಒಬ್ಬರೇ ಇರ್ತಾರೆ, ಮಗ ಬೆಂಗಳೂರಲ್ಲಿ. ಗೋಡೆ ಎಷ್ಟೆತ್ತರ ಬರುತ್ತೆ ಮಗ ಅಂತ ಕೇಳಿದ್ರು. ಇಪ್ಪತ್ತು ಚಿಲ್ಲರೆ ಅಡಿ ಅಜ್ಜಿ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಹಾಗಾದ್ರೆ ಇನ್ನು ಹಗಲೂ ಲೈಟ್ ಹಾಕ್ಕೋಬೇಕೇನೋ, ಆಗ್ಲಿ ಬಿಡು, ನಿಂಗೂ ಮನೆ ಆಗ್ಬೇಕಲ್ಲ" ಅಂದ್ರು.

ಅಷ್ಟೇ ಅಂದಿದ್ದು. ತಕರಾರಿಲ್ಲ, ಬೇಸರಾನೂ ತೋರಿಸ್ಲಿಲ್ಲ. ಅವರ ಅಡಿಗೆಮನೆಗೆ ಇರೋದು ಅದೊಂದೇ ಕಿಟಕಿ, ಅದು ನಮ್ ಜಾಗಕ್ಕೇ ತೆರ್ಕೊಳ್ಳೋದು. ನಾನು ಹುಟ್ಟೋಕೆ ಮೊದಲಿಂದ ಅದು ಅಲ್ಲಿದೆ. ನಮ್ ಹಳೇ ಮನೆ ಆ ಭಾಗದಲ್ಲಿ ಒಂದು ಸಣ್ಣ ತೆರೆದ ಬಚ್ಚಲು ಕಟ್ಟೆ ಇತ್ತು, ಹಾಗಾಗಿ ಅವರಿಗೆ ಆಕಾಶ ಇತ್ತು. ನಾವು ರಾತ್ರಿಯೆಲ್ಲ ಕೂತು ನಮ್ಮನೆಗೆ ಬೆಳಕು ಎಲ್ಲಿಂದ ಅಂತ ಲೆಕ್ಕ ಹಾಕಿದ್ವಿ, ರಟ್ಟಿನ ಮನೆಗೆ ಸುತ್ತ ಮೂರು ಮನೇನೂ ಮಾಡಿದ್ದೆ ನಾನು, ಆದ್ರೆ ಅಜ್ಜಿ ಮನೆ ಡಬ್ಬಿಗೆ ಕಿಟಕಿ ಕೊಯ್ದೇ ಇರ್ಲಿಲ್ಲ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತೆ.

ಕಾನೂನೂ ಇದೆ. 1882ರ ಈಸ್ಮೆಂಟ್ ಆ್ಯಕ್ಟಲ್ಲಿ, ಒಂದು ಕಟ್ಟಡಕ್ಕೆ ಅಡ್ಡಿಯಿಲ್ಲದೆ 20 ವರ್ಷ ಗಾಳಿ ಬೆಳಕು ಬಂದಿದ್ರೆ ಅದು ಹಕ್ಕಾಗುತ್ತೆ ಅಂತ ಹೇಳಿದೆ. ಅಜ್ಜಿಗೆ ಅದು ಗೊತ್ತೂ ಇಲ್ಲ, ಗೊತ್ತಿದ್ರೂ ಕೋರ್ಟಿಗೆ ಹೋಗೋರಲ್ಲ. ಅವರ ಸೂರಿನ ನೀರು ಇಷ್ಟು ವರ್ಷ ನಮ್ ಜಾಗಕ್ಕೇ ಬಿದ್ದಿದೆ, ನಮ್ ಕರಿಬೇವು ಅವರ ಒಗ್ಗರಣೆಗೇ ಹೋಗಿದೆ. ಹಕ್ಕು ಅಂತ ಹೆಸರಿಡದೆ ಎಷ್ಟೋ ಕೊಡೋ ತಗೊಳ್ಳೋ ವ್ಯವಹಾರ ಆ ಗಡೀಲಿ ನಡೀತಾನೇ ಇತ್ತು.

ಅವತ್ತು ಸುಣ್ಣದ ಗೆರೆ ಅಳಿಸಿದ್ವಿ. ಪ್ಲಾನಲ್ಲಿ ನಮ್ ಅಂಗಳ ಆ ಕಿಟಕಿಗಿಂತ 12 ಅಡಿ ಹಿಂದೆ ಇತ್ತು. ಅದನ್ನ ಮುಂದಕ್ಕೆ ತಂದು ಸರಿಯಾಗಿ ಕಿಟಕಿ ಎದುರಿಗೆ ಇಡೋಕಾಗುತ್ತಾ ಅಂತ ಆರ್ಕಿಟೆಕ್ಟಿಗೆ ಫೋನ್ ಮಾಡ್ದೆ. ಆಗುತ್ತೆ, ಆದ್ರೆ ಇಡೀ ಮನೆ ತಿರುಗಿಸ್ಬೇಕು, ಲೈಸೆನ್ಸಿಗೂ ಮತ್ತೆ ಡ್ರಾಯಿಂಗ್ ಕೊಡ್ಬೇಕು ಅಂದ್ರು. ಎರಡು ತಿಂಗಳು ಹೋಯ್ತು. ಮಳೆ ಶುರುವಾಗೋಕೆ ಮುಂಚೆ ಪಾಯ ಮುಗಿಸೋ ಆಸೆನೂ ಹೋಯ್ತು.

ಆದ್ರೆ ಆ ಬದಲಾವಣೆಯಿಂದಲೇ ಮನೆ ನಿಜವಾಗಿ ಸರಿಹೋಯ್ತು. ಅಂಗಳ ಮುಂದೆ ಬಂದಾಗ ಬೀದಿ ಕಡೆ ಉಳಿದಿದ್ದು ಹತ್ತಡಿ ಆಳದ ಜಾಗ, ಹಾಲಿಗೆ ಸಾಲಲ್ಲ. ಅಲ್ಲಿ ಅಡಿಗೆಮನೆ ಮಾಡೋಣ, ಹಾಲು ಅಂಗಳದ ಹಿಂದಕ್ಕೆ ಹೋಗ್ಲಿ ಅಂದ್ರು ಆರ್ಕಿಟೆಕ್ಟು. ಅಮ್ಮ ಬೆಚ್ಚಿಬಿದ್ರು. ಬೀದಿ ಮೇಲೆ ಯಾರಾದ್ರೂ ಒಲೆ ಹಚ್ಚುತಾರಾ, ಬಂದೋರೆಲ್ಲ ಅಡಿಗೆಮನೆ ಪಕ್ಕ ಹಾದು ಬರ್ಬೇಕಾ, ಏನ್ ಸಾರು ಮಾಡಿದೀವಿ ಅಂತ ಬೀದಿಗೆಲ್ಲ ಗೊತ್ತಾಗ್ಬೇಕಾ. ಮೂರು ದಿನ ಮಾತು ಬಿಟ್ರು. ನಾಲ್ಕನೇ ದಿನ ಪುರೋಹಿತರು ಬಂದು ನಕ್ಷೆ ನೋಡಿ, ಆಗ್ನೇಯಕ್ಕೆ ಒಲೆ, ನೈರುತ್ಯಕ್ಕೆ ಹಿರಿಯರ ಕೋಣೆ, ಈಶಾನ್ಯದ ಕಡೆ ಬಾಗಿಲು, ಇದಕ್ಕಿಂತ ಇನ್ನೇನ್ ಬೇಕಮ್ಮ ಅಂದ್ರು. ನಾವು ವಾಸ್ತು ನೋಡಿ ಹಾಕಿದ್ದಲ್ಲ ಅದು, ತಾನಾಗೇ ಬಂದಿತ್ತು. ಪೂರ್ವ ದಿಕ್ಕಿನ ಬೀದಿ ಇರುವಾಗ ಬೆಳಗಿನ ಬಿಸಿಲು ಬೀಳೋ ಜಾಗದಲ್ಲಿ ಬೆಳಿಗ್ಗೆ ಕೆಲಸ ಇರೋ ಅಡಿಗೆಮನೆ ಬರೋದು ಸಹಜನೇ ತಾನೆ. ಸಂಜೆ ಟಿವಿ ನೋಡೋ ಹಾಲಿಗೆ ಯಾಕೆ ಬೇಕು ಬೆಳಗಿನ ಬಿಸಿಲು? ಈಗ ಅಮ್ಮ ತರಕಾರಿ ಹೆಚ್ಚುತ್ತಾ ಸೊಪ್ಪಿನವರ ಹತ್ರ ಕಿಟಕಿಯಿಂದಲೇ ಚೌಕಾಸಿ ಮಾಡ್ತಾರೆ.

ಕಾರಿನ ಜಾಗ ಇದರಲ್ಲೇ ಹೋಯ್ತು. ಒಂದು ಕಾರ್ ನಿಲ್ಲೋಕೆ ಎಂಟು ಹದಿನಾರು ಅಡಿ ಬೇಕು, ನಮ್ ಅಡಿಗೆಮನೆಗಿಂತ ದೊಡ್ಡದು. ದಿನಕ್ಕೆ ಇಪ್ಪತ್ಮೂರು ಗಂಟೆ ಸುಮ್ನೆ ನಿಂತಿರೋ ವಸ್ತುವಿಗೆ ಬೀದಿ ಮುಖ ಪೂರ್ತಿ ಬಿಟ್ಟುಕೊಟ್ಟು ನಾವು ಹಿಂದೆ ಕತ್ತಲಲ್ಲಿ ಇರೋದು ನನಗೆ ಒಪ್ಪಿಗೆ ಆಗ್ಲಿಲ್ಲ. ಬೀದಿ ಕೊನೇಲಿ ಒಬ್ಬರ ಕಾಂಪೌಂಡಲ್ಲಿ ತಿಂಗಳ ಬಾಡಿಗೆಗೆ ನಿಲ್ಲಿಸ್ತೀವಿ. ಮುಂದೆ ಬಿಟ್ಟ ಆರಡೀಲಿ ಎರಡು ಸ್ಕೂಟರ್, ಒಂದು ಕಲ್ಲಿನ ಜಗಲಿ, ಅದರ ಕೆಳಗೆ ಸಂಪು.

ಮೆಟ್ಟಿಲು ಉತ್ತರದ ಗೋಡೆಗೆ ಅಂಟಿಸಿದ್ವಿ, ಅಲ್ಲಿ ಕಿಟಕಿ ಹೇಗೂ ಬರಲ್ಲ. ಮಹಡಿಗೆ ಹತ್ತಡಿ ಎತ್ತರ, ಏಳಿಂಚಿನ 17 ಏರು, ಹತ್ತಿಂಚಿನ 16 ತುಳಿ, ಅಂದ್ರೆ ನೇರ ಹತ್ತೋಕೆ 13 ಅಡಿ 4 ಇಂಚು ಉದ್ದ ಬೇಕು. ಸಣ್ಣ ಮನೆ ಅಂತ ಸುತ್ತು ಮೆಟ್ಟಿಲು ಹಾಕೋ ಯೋಚನೆ ಬಂದಿತ್ತು, ಅದರಲ್ಲಿ ಅಕ್ಕಿ ಮೂಟೆನೂ ಹೋಗಲ್ಲ, ಮಂಚನೂ ಹೋಗಲ್ಲ, ಬೇಡ ಅಂತ ಬಿಟ್ವಿ. ಮೆಟ್ಟಿಲಿಗೂ ಅಂಗಳಕ್ಕೂ ಮಧ್ಯೆ ನಾಲ್ಕಡಿ ಉಳೀತು. ಅಡಿಗೆಮನೆಯಿಂದ ಹಾಲಿಗೆ ಹೋಗೋ ದಾರಿನೂ ಅದೇ, ಹಾಗಾಗಿ ಛತ್ರಿ ಬೇಕಾಗಲ್ಲ. ಅಂಗಳದ ಅಂಚಿಗೆ ಕೂರೋ ಎತ್ತರಕ್ಕೆ ಒಂದು ಕಟ್ಟೆ, ಅದರ ಮೇಲೆ ಸರಿಯೋ ಗಾಜಿನ ಬಾಗಿಲು. ಮನೆಗೆ ಯಾರೇ ಬಂದ್ರೂ ಹಾಲ್ ತನಕ ಹೋಗಲ್ಲ, ಅಲ್ಲೇ ಕೂತ್ಬಿಡ್ತಾರೆ.

ಪಾಯ ತೆಗೆದಾಗ ಇನ್ನೊಂದು ಕಾದಿತ್ತು. ಚಿಕ್ಕಪ್ಪನ ಮನೆ ಪಾಯದ ಸೈಜುಗಲ್ಲು ಗಡಿ ದಾಟಿ ನಮ್ ಕಡೆಗೆ ಒಂಬತ್ತಿಂಚು ಬಂದಿತ್ತು. ಗೋಡೆ ಗಡಿ ಮೇಲೇ ಇದೆ, ಮಣ್ಣಿನ ಕೆಳಗೆ ಮಾತ್ರ ಅಗಲ. ಇದನ್ನ ನೋಡಿದ ದಿನ ಭಾಗದ ಕಾಲದ ಹಳೇ ಮಾತೆಲ್ಲ ಮನೇಲಿ ಮತ್ತೆ ಎದ್ದವು. ಆವತ್ತೇ ನಿಮ್ ಅಪ್ಪ ಸುಮ್ನಿದ್ರು, ನೀನೂ ಸುಮ್ನಿರ್ತೀಯಾ ಅಂತ ಭಾವ. ಚಿಕ್ಕಪ್ಪ ಬಂದು ಗುಂಡಿ ಅಂಚಲ್ಲಿ ನಿಂತು ನೋಡಿದ್ರು, ಅವರಿಗೂ ಗೊತ್ತಿರ್ಲಿಲ್ಲ ಅನ್ಸುತ್ತೆ, ಮುಖ ಬಾಡಿಹೋಗಿತ್ತು. ಆ ಕಲ್ಲು ಒಡೆಯೋಕೆ ಹೋದ್ರೆ ಅವರ ಗೋಡೆ ಬಿರುಕು ಬಿಡುತ್ತೆ. ಇಂಜಿನಿಯರು ಕಾಲಂಗಳನ್ನೇ ಒಂದಡಿ ಒಳಗೆ ತಗೊಂಡು, ಗೋಡೆನ ಮಾತ್ರ ಆಚೆ ಚಾಚಿದ ಬೀಮಿನ ಮೇಲೆ ನಿಲ್ಸೋಣ ಅಂದ್ರು. ಗುಂಡಿನೂ ಉದ್ದಕ್ಕೆ ಒಂದೇ ಸಲ ತೆಗೀಲಿಲ್ಲ, ಒಂದು ಬಿಟ್ಟು ಒಂದು ಕಾಲಂ ತೆಗೆದು, ಕಾಂಕ್ರೀಟ್ ಹಾಕಿ, ಮಣ್ಣು ತುಂಬಿ, ಆಮೇಲೆ ಪಕ್ಕದ್ದು. ಪಕ್ಕದ ಮನೆ ಪಾಯದ ಬುಡ ಒಂದೇ ಸಲ ಬಿಚ್ಚಿಡ್ಬಾರದು, ಊರೊಳಗೆ ಕಟ್ಟೋರು ಇದೊಂದನ್ನ ಯಾವತ್ತೂ ಮರೀಬೇಡಿ.

ಕಾಲಂ ಒಳಗೆ ಬಂದಿದ್ರಿಂದ ಕಾಲಂ ಕಾಲಂ ನಡುವೆ ಒಂದೊಂದಡಿ ಆಳದ ಗೂಡುಗಳು ಸಿಕ್ಕವು. ಹಳೇ ಮನೆ ದಪ್ಪ ಗೋಡೇಲಿ ದೀಪಕ್ಕೆ, ಎಣ್ಣೆಗೆ, ಪಂಚಾಂಗಕ್ಕೆ ಇರ್ತಿತ್ತಲ್ಲ, ಹಾಗೆ. ಈಗ ಪುಸ್ತಕ, ಪಾತ್ರೆ, ದೇವರು ಎಲ್ಲಾ ಅದರಲ್ಲೇ. ಬೀರು ಅಂತ ಮನೆ ಒಳಗೆ ಒಂದೂ ತರಲಿಲ್ಲ, ಮಹಡಿ ರೂಮಿಗೆ ಮಾತ್ರ ತೋಟದ ಸಿಲ್ವರ್ ಓಕ್ ಕೊಯ್ಸಿ ಎರಡು ಮಾಡಿಸಿದ್ದು.

ನಮ್ ಬೀದಿಗೆ ಲಾರಿ ಬರಲ್ಲ. ಜಲ್ಲಿ, ಎಂ ಸ್ಯಾಂಡ್, ಕಂಬಿ ಎಲ್ಲಾ ಬೀದಿ ಬಾಯಲ್ಲಿ ಇಳಿಸಿ ಟ್ರ್ಯಾಕ್ಟರಲ್ಲಿ, ಗೂಡ್ಸ್ ಆಟೋದಲ್ಲಿ ಮತ್ತೆ ಸಾಗಿಸ್ಬೇಕು, ಎರಡೆರಡು ಸಲ ಕೂಲಿ. ಇಂಥ ಜಾಗದಲ್ಲಿ ಸೈಟಲ್ಲೇ ಇರೋದನ್ನ ಆಚೆ ಎಸೆದು, ಆಚೆಯಿಂದ ಹೊಸದು ತರೋದು ಎರಡು ಪಟ್ಟು ದಂಡ. ಹಳೇ ಮನೆಯ ಮಂಗಳೂರು ಹೆಂಚು ಸಾವಿರದಷ್ಟು ಗಟ್ಟಿ ಇದ್ದವು, ಕೆಲವದರ ಹಿಂದೆ ಕಾರ್ಖಾನೆ ಮುದ್ರೆ ಇನ್ನೂ ಓದೋ ಹಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಮೊದಲ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟ ಹತ್ತಿ ಬಂದ ಪದಾರ್ಥ ಅದು, ಮಲೆನಾಡಿನ ಮನೆಗಳ ಮುಖವನ್ನೇ ಬದಲಾಯಿಸ್ತು. ಅದನ್ನ ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಮನೆಮನೆಗೆ ಮಾಡಿ ತೋರಿಸಿದ ಫಿಲ್ಲರ್ ಸ್ಲ್ಯಾಬ್, ಅಂದ್ರೆ ಕಾಂಕ್ರೀಟ್ ನಡುವೆ ಹೆಂಚು ತುಂಬಿಸಿದ ಛಾವಣಿ, ಮಾಡೋಣ ಅಂದ್ವಿ.

ಮೇಸ್ತ್ರಿ ಕೈಕಟ್ಟಿ ನಿಂತುಬಿಟ್ರು. "ಸಾರ್, ಹೆಂಚಿಟ್ಟು ಮೋಲ್ಡ್ ಹಾಕಿ ನಾಳೆ ಇಳಿದ್ರೆ ನನ್ ಹೆಸರು ಹೋಗುತ್ತೆ." ಅವರ ಭಯ ಸುಳ್ಳಲ್ಲ, ಮೂವತ್ತು ವರ್ಷ ಕಟ್ಟಿದ ಕೈ ಅದು. ಇಂಜಿನಿಯರು ಒಂದು ಸ್ಪಂಜಿನ ತುಂಡು ತಂದು ಎರಡೂ ತುದಿ ಇಟ್ಟಿಗೆ ಮೇಲಿಟ್ಟು ಮಧ್ಯ ಒತ್ತಿ ತೋರಿಸಿದ್ರು, ಮೇಲ್ಭಾಗ ಕುಗ್ಗುತ್ತೆ, ಕೆಳಭಾಗ ಎಳೆಯುತ್ತೆ. ಕುಗ್ಗೋದನ್ನ ಕಾಂಕ್ರೀಟ್ ತಡ್ಕೊಳುತ್ತೆ, ಎಳೆತ ತಡೆಯೋದು ಕಂಬಿ, ಹಾಗಾಗಿ ಕೆಳಗೆ ಕಂಬಿ ನಡುವಿರೋ ಕಾಂಕ್ರೀಟಿಗೆ ಅಲ್ಲಿ ದೊಡ್ಡ ಕೆಲಸ ಏನಿಲ್ಲ, ಭಾರ ಅಷ್ಟೇ. ಆ ಜಾಗಕ್ಕೆ ಹೆಂಚು. ಮೇಸ್ತ್ರಿ ಸ್ಪಂಜನ್ನ ತಾವೇ ತಗೊಂಡು ಐದಾರು ಸಲ ಒತ್ತಿ ನೋಡಿದ್ರು. ಆಮೇಲೆ ಮೂಲೇಲಿ ನಾಲ್ಕಡಿಯ ಒಂದು ಸಣ್ಣ ತುಂಡು ಹಾಕಿ, ಕ್ಯೂರಿಂಗ್ ಮಾಡಿ, ಮೇಲೆ ಹತ್ತು ಜನ ನಿಲ್ಸಿ ಕುಣಿಸಿ ನೋಡಿ ಒಪ್ಕೊಂಡ್ರು. ಹೆಂಚನ್ನ ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಎರಡೆರಡು ಜೋಡಿಸಿ ನಡುವೆ ಗಾಳಿ ನಿಲ್ಲೋ ಹಾಗೆ ಕಂಬಿ ಚೌಕಗಳಲ್ಲಿ ಕೂರ್ಸೋ ಕೆಲಸನ ಅವರು ಯಾರಿಗೂ ಬಿಟ್ಟುಕೊಡ್ಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ದಿನ ತಲೆ ಎತ್ತಿ ನೋಡಿದ್ರೆ ತಾತನ ಮನೆ ಮಾಡು ಮತ್ತೆ ಮೇಲಿತ್ತು.

ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಮೊದಲ ಮಳೆಗಾಲ ಮೆಟ್ಟಿಲ ಗೋಡೆ ಪೂರ್ತಿ ಬೂಸ್ಟು ಹಿಡೀತು. ನಮ್ ಗೋಡೆಗೂ ಚಿಕ್ಕಪ್ಪನ ಗೋಡೆಗೂ ನಡುವೆ ಎರಡು ಇಂಚು ಸಂದು, ಮೇಲಿಂದ ನೀರು ಇಳಿದು ಇಬ್ಬರ ಗೋಡೆನೂ ಕುಡೀತಾ ಇತ್ತು. ಇಬ್ಬರೂ ಪ್ಯಾರಾಪೆಟ್ ಮೇಲೆ ಸೇರಿ ಒಂದೇ ಅಲ್ಯೂಮಿನಿಯಂ ಶೀಟ್ ಹೊದಿಸಿದ್ವಿ, ಖರ್ಚು ಅರ್ಧ ಅರ್ಧ. ಅದನ್ನ ಮೊದಲೇ ಮಾಡ್ಬೇಕಿತ್ತು. ಬಟ್ಟೆ ಒಣಗಿಸೋಕೆ ಹಿಂದೆ ಪಶ್ಚಿಮಕ್ಕೆ ಬಿಟ್ಟ ಜಾಗ ಪ್ರಯೋಜನಕ್ಕೆ ಬರ್ಲಿಲ್ಲ, ಗಾಳಿ ಮಳೆ ಆ ಕಡೆಯಿಂದಲೇ ಹೊಡೆಯೋದು. ಈಗ ಜುಲೈ ಆಗಸ್ಟಲ್ಲಿ ಮೆಟ್ಟಿಲ ಮೇಲೆಲ್ಲ ಹಗ್ಗ. ತಾರಸಿಗೆ ಒಂದು ಸೆಂಟಿಮೀಟರ್ ಮಳೆ ಬಿದ್ರೆ 530 ಲೀಟರ್ ನೀರು, ಅದೆಲ್ಲ ಸಂಪಿಗೆ ಹೋಗುತ್ತೆ. ಅಜ್ಜಿ ಸೂರಿನ ನೀರಿಗೂ ಮೂರಡಿ ದಾರೀಲಿ ಕಲ್ಲಿನ ಮೋರಿ ಮಾಡಿದೀವಿ.

ಅಜ್ಜಿ ಕಿಟಕಿ ಈಗ ನಮ್ ಅಂಗಳಕ್ಕೆ ತೆರ್ಕೊಳುತ್ತೆ. ಮೊದಮೊದಲು ನನ್ನ ಹೆಂಡತಿಗೆ ಮುಜುಗರ ಆಗ್ತಿತ್ತು, ಮನೆ ಒಳಗೇ ಯಾರೋ ನೋಡ್ತಿದಾರೆ ಅಂತ. ಅದಕ್ಕೆ ಕಟ್ಟೆ ಹತ್ರ ಎರಡು ದೊಡ್ಡ ಕುಂಡದಲ್ಲಿ ಕರಿಬೇವು, ತುಳಸಿ ಇಟ್ವಿ, ಕೂತಾಗ ಮರೆ ಆಗುತ್ತೆ, ನಿಂತ್ರೆ ಮಾತಾಡ್ಬಹುದು. ಕರಿಬೇವು ಹಳೇ ಗಿಡದ ಸಸಿನೇ. ಬೆಳಿಗ್ಗೆ ಹತ್ತಕ್ಕೆ ಅಮ್ಮ ಆ ಕಡೆ ನಿಂತ್ಕೊಂಡು ಇವತ್ತೇನು ಅಂತ ಕೇಳ್ತಾರೆ, ಅಜ್ಜಿ ಕಿಟಕಿಯಿಂದ ಕೈ ಚಾಚಿ ಬಟ್ಟಲು ಕೊಡ್ತಾರೆ. ಒಂದು ದಿನ ಹೋಗಿ ಅವರ ಅಡಿಗೆಮನೇಲಿ ನಿಂತು ನೋಡ್ದೆ. ಮೊದಲಿನಷ್ಟು ಬೆಳಕಿಲ್ಲ, ನಿಜ ಹೇಳ್ಬೇಕು. ಆದ್ರೆ ನಮ್ ಬಿಳಿ ಗೋಡೆಗೆ ಬಡಿದ ಬೆಳಕು ಅವರ ಒಲೆ ಕಟ್ಟೆ ತನಕ ಬರುತ್ತೆ. ಹಗಲು ಸ್ವಿಚ್ ಹಾಕಿರ್ಲಿಲ್ಲ.

ಹೋದ ದೀಪಾವಳಿಗೆ ಅಜ್ಜಿ ಮಗ ಬಂದಿದ್ರು. ಈ ಮನೆ ಇನ್ನೆಷ್ಟು ದಿನ ನಿಲ್ಲುತ್ತೋ, ಮುಂದಿನ ವರ್ಷ ಕೆಡವಿ ಕಟ್ಬೇಕು ಅಂತಿದೀನಿ, ನಮ್ದು 20 ಅಡಿ ಅಗಲ ಇದೆ ಅಂದ್ರು. ಎದೆ ಧಸಕ್ ಅಂತು. ನಮ್ ಅಂಗಳದ ದಕ್ಷಿಣಕ್ಕೆ 23 ಅಡಿ ಗೋಡೆ ಎದ್ರೆ ಏನಾಗುತ್ತೆ ಅನ್ನೋ ಲೆಕ್ಕ ನನಗೆ ಬಾಯಿಪಾಠ. ಕೇಳೋ ಹಕ್ಕು ನನಗೇನೂ ಇಲ್ಲ, ನಮ್ ಅಂಗಳಕ್ಕಿನ್ನೂ ಎರಡು ವರ್ಷ ತುಂಬಿಲ್ಲ. ಒಳಗೆ ಕರ್ಕೊಂಡು ಬಂದು ಕಟ್ಟೆ ಮೇಲೆ ಕೂರ್ಸಿ ಕಾಫಿ ಕೊಟ್ಟೆ. ಮಧ್ಯಾಹ್ನದ ಬಿಸಿಲು ಮೆಟ್ಟಿಲಿನ ಮೂರನೇ ತುಳಿ ತನಕ ಬಂದಿತ್ತು. ಅವರು ತುಂಬಾ ಹೊತ್ತು ಮೇಲೇ ನೋಡ್ತಾ ಕೂತಿದ್ರು, ಆಮೇಲೆ ನಿಮ್ ಡ್ರಾಯಿಂಗ್ ಒಂದು ಕಾಪಿ ಸಿಗುತ್ತಾ ಅಂತ ಕೇಳಿದ್ರು.

ಜೆರಾಕ್ಸ್ ಮಾಡಿಸಿ ಕೊಟ್ಟೆ. ಕೊಡೋಕೆ ಮುಂಚೆ ನಮ್ ಅಂಗಳದ ಎದುರಿಗೆ, ಗಡಿ ಗೆರೆಯ ಆ ಕಡೆ, ಹತ್ತಡಿ ಉದ್ದ ಆರಡಿ ಅಗಲಕ್ಕೆ ಪೆನ್ಸಿಲಲ್ಲಿ ಒಂದು ಚೌಕ ಹಾಕಿದೀನಿ. ಅವರು ಅಷ್ಟು ಬಿಟ್ರೆ ಎರಡೂ ಸೇರಿ ಹದಿನೈದು ಅಡಿ ಆಗುತ್ತೆ, ಡಿಸೆಂಬರಲ್ಲೂ ಬಿಸಿಲು ಮೇಲಿಂದ 20 ಅಡಿ ಇಳಿಯುತ್ತೆ. ಚೌಕದ ಪಕ್ಕ ಅಜ್ಜಿ ಅಡಿಗೆಮನೆ ಅಂತ ಬರ್ದಿದೀನಿ.